ನಡುತೂಕ

ಕಾರಿಗೊಂದು ದರವಿದೆ. ವಿಮೆಯವನು ಕೊಡುತ್ತಾನೆ.
ಹದಿನಾರು ಗಾಲಿಯ ಲಾರಿಗೂ ಒಂದು ದರ,
ಕಂಪನಿಯವರು ಕೊಡುತ್ತಾರೆ, ತಿಂಗಳು ಬಿಟ್ಟು.
ಈ ನಡುವಿನದಿದೆಯಲ್ಲ, ಆರು ಗಾಲಿಯ ಐಷರ್,
ಹನ್ನೊಂದು ಟನ್ನಿನ ಆಸುಪಾಸು,
ಓಡಿಸುವವನೇ ಮಾಲೀಕ, ಅರ್ಧ ಪಾಲು ಭಾವಮೈದುನನದು,
ಇದಕ್ಕೆ ದರವೆಂಬುದಿಲ್ಲ.
ಫೋನಿನಲ್ಲೇ ಶುರು: "ಅಣ್ಣಾ, ಒಂಚೂರು ನೋಡಿ ಹೇಳ್ರಿ."

ರಾತ್ರಿ ಹನ್ನೊಂದೂವರೆ. ಸಿಂಧನೂರು ಬಿಟ್ಟು ಮಸ್ಕಿ ಕಡೆ,
ಕ್ಯಾಂಪಿನ ತಿರುವು ಕಳೆದ ಮೇಲೆ
ಎಡಕ್ಕೆ ವಾಲಿ ನಿಂತಿತ್ತು,
ಮೂರು ಗಾಲಿ ಡಾಂಬರಿನ ಅಂಚಲ್ಲಿ, ಮೂರು ಎರೆಯಲ್ಲಿ.
ಮೈತುಂಬ ಭತ್ತದ ಹೊಟ್ಟು, ಗುಡಾರದಷ್ಟು ಉಬ್ಬಿ,
ತಾಡಪಾಲು ಹರಿದ ಮೂಲೆಯಿಂದ
ನನ್ನ ದೀಪದ ಬೆಳಕಿಗೆ ಹಾರಿ ಹಾರಿ ಬರುತ್ತಿತ್ತು.

ಹುಸೇನಪ್ಪ ಇಳಿದು ಮೊದಲು ಮುಟ್ಟಿದ್ದು ಗಾಡಿಯನ್ನಲ್ಲ, ಮಣ್ಣನ್ನು.
ಒಂದು ಹಿಡಿ ಹಿಚುಕಿ ಮೂಸಿದ.
ಕಾಲುವೆಗೆ ನೀರು ಬಿಟ್ಟು ಎಂಟು ದಿನ.
"ಇದು ಸುಮ್ನ ಬಿಡೂದಿಲ್ರಿ."
ಎರೆಗೆ ಅವಸರವಿಲ್ಲ.
ತುತ್ತು ಬಾಯಲ್ಲಿಟ್ಟುಕೊಂಡು ಕೂತ ಮಗುವಿನ ಹಾಗೆ
ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ.

ಪೈಪು ಕಿತ್ತು ಗಾಳಿಯೆಲ್ಲ ಸೋರಿಹೋಗಿತ್ತು.
ಉಸಿರು ಹೋದ ಮೇಲೆ ಎಲ್ಲ ಸಡಿಲ ಅಂದುಕೊಳ್ಳುತ್ತಾರೆ ಜನ.
ಲಾರಿ ಹಾಗಲ್ಲ. ಉಸಿರು ಹೋದರೆ ಬಿಗಿದುಕೊಳ್ಳುತ್ತದೆ,
ಹಲ್ಲು ಕಚ್ಚಿ ಕೂರುತ್ತದೆ.
ಕಿತ್ತ ಪೈಪನ್ನು ಮಡಚಿ ತಂತಿ ಸುತ್ತಿ,
ನನ್ನ ಕ್ರೇನಿನ ಕೆಂಪು ಪೈಪು ಎಳೆದು ಅದರ ಬಾಯಿಗಿಟ್ಟೆ.
ಮುಳ್ಳು ಏರಿತು, ಎರಡು, ನಾಲ್ಕು,
ಆರರ ಹತ್ತಿರ, ಎಲ್ಲೋ ಅಡಿಯಲ್ಲಿ, ಟಸ್ಸೆಂದು
ಬಿಟ್ಟುಕೊಟ್ಟಿತು.

ಗಾದಿಲಿಂಗ ಅಂತ, ಸಿರುಗುಪ್ಪದವನು.
ಹುಸೇನಪ್ಪ ಕೆಳಗೆ ತೂರಿ ಜಾಯಿಂಟ್ ಬಿಚ್ಚಿ
ಎಂಟು ಬೋಲ್ಟು ಅವನ ಕೈಗಿಟ್ಟ.
ಅಂಗಿ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.
ಅಷ್ಟು ಬಿಟ್ಟರೆ ಅವನು ಮಾಡಲು ಬೇರೇನೂ ಇರಲಿಲ್ಲ.

ಬೇವಿನ ಬುಡಕ್ಕೆ ಗೋಣಿಚೀಲ ಹೊದಿಸಿ, ಮೇಲೆ ಪಟ್ಟಿ ಸುತ್ತಿ, ರಾಟೆ ಕಟ್ಟಿದೆವು.
ವೈರ್‌ರೋಪಿನ ನೇರಕ್ಕೆ ಯಾರೂ ನಿಲ್ಲಬಾರದು.
ನನ್ನ ಉಸ್ತಾದ ದಾವಲಸಾಬರ ಬಲಗೈಗೆ ಮೂರೇ ಬೆರಳು,
ನಾನು ಓದಿದ್ದು ಅಷ್ಟನ್ನೇ.
ಮೊಬೈಲ್ ಎತ್ತಿದ ಹುಡುಗರನ್ನು ಬೈದು ಆಚೆ ಕಳಿಸಿ
ಲಿವರ್ ಒತ್ತಿದೆ.
ಹಗ್ಗ ಮೊದಲು ಮುಲುಗಿತು, ಆಮೇಲೆ ಸುಮ್ಮನಾಯಿತು.
ಸುಮ್ಮನಾದಾಗಲೇ ನನಗೆ ಭಯ.
ಒಂದು ಗೇಣು. ಇನ್ನೊಂದು.
ಮಣ್ಣು ಬಾಯಿ ಬಿಟ್ಟ ಸದ್ದು
ಕ್ಯಾಂಪಿನ ನಾಯಿಗಳಿಗೂ ಕೇಳಿಸಿತು.

ವಾಪಸ್ಸು ಹದಿನಾಲ್ಕು ಕಿಲೋಮೀಟರು.
ಎಂಜಿನ್ ಸತ್ತ ಗಾಡಿಯಲ್ಲಿ ಗಾದಿಲಿಂಗ ಸ್ಟೇರಿಂಗ್ ಹಿಡಿದು,
ನಡುವೆ ಒಂದು ಕಬ್ಬಿಣದ ದಂಡ, ಒಂದು ಕೆಂಪು ಪೈಪು.
ನಾನು ಬ್ರೇಕ್ ಒತ್ತಿದರೆ ಅವನೂ ಒತ್ತಬೇಕು,
ಇಲ್ಲವೋ ಅವನ ತೂಕವೆಲ್ಲ ನನ್ನ ಬೆನ್ನಿಗೆ.
ಮಾತಿಲ್ಲ, ಸನ್ನೆಯಿಲ್ಲ.
ಕನ್ನಡಿಯಲ್ಲಿ ಅವನ ಬೀಡಿಯ ಕಿಡಿ,
ಹಂಪು ಬಂದಾಗ ನನ್ನ ಜೊತೆ ಜಿಗಿಯುತ್ತಿತ್ತು.
ಹುಸೇನಪ್ಪ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ.

ಗ್ಯಾರೇಜಿನ ಮುಂದೆ ಇಳಿದ. ತೋಳು ನಡುಗುತ್ತಿದ್ದವು.
ಈಗ ಹಣದ ಮಾತು ಬರುತ್ತದೆಂದು
ನಾನು ಗಂಟಲು ಸರಿಮಾಡಿಕೊಂಡೆ.
"ನಿಮ್ಮ ಎಡಗಡೆ ಬ್ರೇಕ್ ಲೈಟು ಹತ್ತಂಗಿಲ್ರಿ," ಅಂದ,
"ಹಾದಿ ಪೂರ್ತಿ ಬಲಗಣ್ಣೊಂದನ್ನ ನಂಬಿ ಬಂದೀನಿ."

ಎಷ್ಟೋ ಗಾಡಿ ಎಳೆದಿದ್ದೇನೆ.
ನನ್ನ ಬೆನ್ನು ನೋಡುತ್ತ ಬಂದವರು
ಯಾರೂ ಹೇಳಿರಲಿಲ್ಲ.
ಐನೂರು ಬಿಟ್ಟೆ. ಹುಸೇನಪ್ಪ ಮುಖ ಆ ಕಡೆ ಮಾಡಿಕೊಂಡ.

ಬೆಳಿಗ್ಗೆ ಬಿಚ್ಚಿ ನೋಡಿದರೆ ಬಲ್ಬು ಸುಟ್ಟಿರಲಿಲ್ಲ.
ತಂತಿಯ ತುದಿಗೆ ಎರೆಮಣ್ಣು ಒಣಗಿ ಕಲ್ಲಾಗಿತ್ತು,
ಯಾವ ಹೊಲದ್ದೋ,
ಯಾವ ರಾತ್ರಿಯದೋ.